ನೈಮೆಗನ್ನಿನಲ್ಲಿ ಎರಡು ದಿನ

ಸುಶಾಂತ್ ಹೆಂಡತಿಗೆ ಹೊಡೆಯುತ್ತಿದ್ದದ್ದು ಹೆಚ್ಚಾಗಿ ಅಡುಗೆಮನೆಯಲ್ಲಿ. ಅದಕ್ಕೂ ಅವನದೊಂದು ಲೆಕ್ಕಾಚಾರವಿತ್ತು. ಡಚ್ಚರ ನಾಡಿನ ಯುಟ್ರೆಕ್ಟ್ ಊರಿನ ಆ ಸಾಲುಮನೆಯ ಹಾಲಿಗೂ ಮಲಗುವ ಕೋಣೆಗೂ ಆಚೀಚೆ ಪಕ್ಕದ ಮನೆಯವರ ಗೋಡೆ. ಅವರು ಕೆಮ್ಮಿದರೆ ಇಲ್ಲಿಗೆ ಕೇಳುತ್ತಿತ್ತು. ಅಡುಗೆಮನೆ ಮಾತ್ರ ಹಿತ್ತಲ ಕಡೆ ಚಾಚಿಕೊಂಡಿತ್ತು. ಒಲೆಯ ಮೇಲಿನ ಫ್ಯಾನನ್ನು ಜೋರಾಗಿ ಹಾಕಿಬಿಟ್ಟರೆ, ಒಳಗೆ ಏನು ನಡೆದರೂ ಒಗ್ಗರಣೆ ಹಾಕುತ್ತಿದ್ದಾರೆ ಎಂದೇ ಹೊರಗಿನವರು ತಿಳಿಯಬೇಕು. ಆಫೀಸಿನಲ್ಲಿ ಹದಿನಾಲ್ಕು ಜನರ ತಂಡವನ್ನು ನಡೆಸುವವನು, ಒಬ್ಬರ ಮೇಲೂ ದನಿ ಎತ್ತದವನು ಎಂದು ಹೆಸರು ಗಳಿಸಿದ್ದ. ಅಲ್ಲಿ ನುಂಗಿದ ಸಿಟ್ಟನ್ನೆಲ್ಲ ಜೋಪಾನವಾಗಿ ಮನೆಗೆ ತರುತ್ತಿದ್ದ.

ಮಾರ್ಚಿನಲ್ಲಿ ಉಡುಪಿಯಿಂದ ಅವನ ಅಮ್ಮ ವತ್ಸಲಾ ಮೂರು ತಿಂಗಳ ವೀಸಾದಲ್ಲಿ ಬಂದರು. ಅತ್ತೆ ಇರುವಷ್ಟು ದಿನವಾದರೂ ಇವನ ಕೈ ಸುಮ್ಮನಿರುತ್ತದೆ ಎಂದು ಸಂಪ್ರೀತಾ ನಂಬಿದ್ದಳು. ನಂಬಿಕೆ ಉಳಿದದ್ದು ಮೂರು ದಿನ. ನಾಲ್ಕನೆಯ ಬೆಳಿಗ್ಗೆ ನೀರುದೋಸೆ ಕಾವಲಿಗೆ ಅಂಟಿತೆಂದು, ಬಿಸಿ ಸಟ್ಟುಗ ಕಿತ್ತುಕೊಂಡು ಅವಳ ಮೊಣಕೈಗೆ ಬಾರಿಸಿದ. ಹಾಲಿನಲ್ಲಿದ್ದ ಅತ್ತೆ ಟಿ.ವಿ.ಯ ದನಿ ಏರಿಸಿದರು. ಅವರ ತೊಡೆಯ ಮೇಲೆ ಕೂತಿದ್ದ ಮೊಮ್ಮಗಳು ನಿಹಾರಿಕಾ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡಳು.

ನಿಹಾಳಿಗೆ ಜೂನ್ ಕೊನೆಗೆ ಐದು ತುಂಬುವುದಿತ್ತು. ಮನೆಯ ಮಾತನ್ನು ಮನೆಯಲ್ಲೇ ಇಟ್ಟುಕೊಳ್ಳುವ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಏಪ್ರಿಲಿನಲ್ಲಿ ಒಂದು ದಿನ ಅವಳ ಟೀಚರ್ ಅಪ್ಪ ಅಮ್ಮ ಇಬ್ಬರನ್ನೂ ಶಾಲೆಗೆ ಕರೆಸಿದಳು. ಪುಟ್ಟ ಕುರ್ಚಿಗಳಲ್ಲಿ ಕೂರಿಸಿ, ಚಹಾ ಕೊಟ್ಟು, ಮೆತ್ತಗೆ ಹೇಳಿದಳು: "ಅಪ್ಪ ಅಡುಗೆಮನೆಯಲ್ಲಿ ಅಮ್ಮನಿಗೆ ಹೊಡೆಯುತ್ತಾನೆ ಅಂತ ನಿಹಾ ಹೇಳುತ್ತಾಳೆ. ಒಂದು ಸಲ ಅಲ್ಲ, ಮೂರು ಸಲ ಹೇಳಿದ್ದಾಳೆ."

ಸುಶಾಂತ್ ನಕ್ಕ. "ಕಾರ್ಟೂನ್ ಜಾಸ್ತಿ ನೋಡುತ್ತಾಳೆ," ಎಂದ.

ಟೀಚರ್ ನಗಲಿಲ್ಲ. ಬೇಸಿಗೆ ರಜೆಯ ಮೊದಲು ಇನ್ನೊಮ್ಮೆ ಕೂತು ಮಾತಾಡಬೇಕು, ಅಷ್ಟರೊಳಗೆ ತಾನು ಮೇಲಿನವರಿಗೆ ತಿಳಿಸಬೇಕಾಗಬಹುದು ಎಂದಳು. ಸಂಪ್ರೀತಾ ಚಹಾದ ಕಪ್ಪನ್ನೇ ನೋಡುತ್ತಾ ಕೂತಿದ್ದಳು. ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಅವಳು ಬಿಡಲಿಲ್ಲ.

ಆ ಸಂಜೆ ಊಟಕ್ಕೆ ಕುಚ್ಚಲಕ್ಕಿ ಅನ್ನ, ಬಸಳೆ ಸಾರು.

"ಮಗುವಿಗೆ ಹೇಳಿಕೊಟ್ಟದ್ದು ಯಾರು?" ಸುಶಾಂತ್ ಕೇಳಿದ.

"ಯಾರೂ ಹೇಳಿಕೊಡ್ಲಿಲ್ಲ. ಅವಳಿಗೆ ಕಣ್ಣಿಲ್ವಾ?"

ತಟ್ಟೆ ಅವಳ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ಬಸಳೆ ದಂಟು ಗೋಡೆಯಲ್ಲಿ ಜಾರಿತು. ನಿಹಾ ಕಿರುಚಿಕೊಂಡು ಮೇಜಿನ ಕೆಳಗೆ ನುಗ್ಗಿದಳು.

"ಅಮ್ಮ, ಜೂನ್ ಮೂರಕ್ಕೆ ನೀನು ಹೋಗುವಾಗ ಇವಳನ್ನೂ ಕರ್ಕೊಂಡು ಹೋಗು. ಅಲ್ಲೇ ಸ್ಕೂಲಿಗೆ ಹಾಕುವ. ಐದು ತುಂಬಿದ್ರೆ ಮತ್ತೆ ಇಲ್ಲಿಯವರು ಸ್ಕೂಲ್ ಬಿಡಿಸ್ಲಿಕ್ಕೆ ಬಿಡುದಿಲ್ಲ."

"ನನಗೆಂತ ಅವಳು ಭಾರವಾ? ಕರ್ಕೊಂಡು ಹೋಗ್ತೇನೆ," ಎಂದರು ವತ್ಸಲಾ, ಗೋಡೆ ಒರೆಸುತ್ತಾ. "ಇಲ್ಲಿ ಮಗು ಬರೀ ಬ್ರೆಡ್ ತಿಂದು ಸಣಕಲಾಗಿದೆ."

"ನನ್ನ ಮಗು ನನ್ನ ಹತ್ರ ಇರ್ತದೆ," ಎಂದಳು ಸಂಪ್ರೀತಾ. ಆ ಮಾತಿಗೆ ಎರಡು ಏಟು ಬಿತ್ತು. ಫ್ಯಾನ್ ಹಾಕುವ ವ್ಯವಧಾನವೂ ಅವನಿಗಿರಲಿಲ್ಲ.

ಆದರೆ ಮಗುವನ್ನು ಸೂಟ್‌ಕೇಸಿನ ಹಾಗೆ ಎತ್ತಿಕೊಂಡು ಹೋಗುವಂತಿರಲಿಲ್ಲ. ಅಜ್ಜಿಯೊಬ್ಬಳೇ ಮೊಮ್ಮಗಳನ್ನು ದೇಶ ದಾಟಿಸಬೇಕಾದರೆ ಅಪ್ಪ ಅಮ್ಮ ಇಬ್ಬರೂ ರುಜು ಹಾಕಿದ ಒಪ್ಪಿಗೆ ಪತ್ರ ಬೇಕು. ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ. ಸುಶಾಂತ್ ತನ್ನ ರುಜು ಹಾಕಿ ಪತ್ರವನ್ನು ಫ್ರಿಜ್ಜಿನ ಮೇಲಿಟ್ಟ. ಅವಳ ರುಜುವನ್ನೂ ತಾನೇ ಹಾಕುವ ಧೈರ್ಯ ಅವನಿಗೆ ಆಗಿನ್ನೂ ಬಂದಿರಲಿಲ್ಲ. ಎರಡು ವಾರ ಅದು ಅಲ್ಲೇ ಇತ್ತು. ಸಂಪ್ರೀತಾ ಹೊಡೆತ ತಿಂದಳು, ಜಡೆ ಹಿಡಿದು ಎಳೆಸಿಕೊಂಡಳು, ಒಂದು ಮಧ್ಯಾಹ್ನವಿಡೀ ಹಿತ್ತಲ ಸೈಕಲ್ ಶೆಡ್ಡಿನಲ್ಲಿ ಬೀಗದ ಹಿಂದೆ ನಿಂತಳು. ರುಜು ಮಾತ್ರ ಹಾಕಲಿಲ್ಲ. ಏಳು ವರ್ಷದ ಸಂಸಾರದಲ್ಲಿ ಅವಳು ಬಗ್ಗದೆ ನಿಂತದ್ದು ಅದೊಂದಕ್ಕೇ.

ಮೇ ತಿಂಗಳ ನಡುವೆ ಅವನು ಇದ್ದಕ್ಕಿದ್ದಂತೆ ಮೆತ್ತಗಾದ. "ನೈಮೆಗನ್ನಿಗೆ ಹೋಗುವ, ಶನಿವಾರ ಭಾನುವಾರ. ನಾವಿಬ್ಬರೇ," ಎಂದ.

"ಹೋಗಿ ಬನ್ನಿ," ಎಂದರು ಅತ್ತೆ. "ಮಗುವನ್ನು ನಾನು ನೋಡ್ಕೊಳ್ತೇನೆ. ಮದುವೆಯಾದ ಮೇಲೆ ನೀವು ಇಬ್ಬರೇ ಎಲ್ಲಿಗೆ ಹೋಗಿದ್ದೀರಿ ಹೇಳು?"

ಸಂಪ್ರೀತಾಳಿಗೆ ಅನುಮಾನವಿತ್ತು. ಆಸೆಯೂ ಇತ್ತು. ಆಸೆ ಗೆದ್ದಿತು.

ಸುಶಾಂತ್ ಎಲ್ಲದಕ್ಕೂ ಪಟ್ಟಿ ಮಾಡುವವನು. ಹತ್ತಕ್ಕೆ ಕಾಫಿ ಮತ್ತು ಸೇಬಿನ ಕೇಕ್, ಹನ್ನೊಂದಕ್ಕೆ ದೊಡ್ಡ ಚರ್ಚು, ಹನ್ನೆರಡೂವರೆಗೆ ಪ್ಯಾನ್‌ಕೇಕ್, ನಾಲ್ಕಕ್ಕೆ ನದಿಯ ಸೇತುವೆ. ಪ್ರತಿಯೊಂದರ ಫೋಟೋವೂ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಬೇಕು. ಉಡುಪಿ, ಮುಂಬಯಿ, ದುಬೈಯ ಚಿಕ್ಕಮ್ಮ ದೊಡ್ಡಮ್ಮಂದಿರು ನಲವತ್ತೊಂದು ಜನ ಅದರಲ್ಲಿ ಕಾದು ಕೂತಿರುತ್ತಿದ್ದರು.

ರೈಲಿಳಿದು ಊರೊಳಗೆ ನಡೆದರೆ ರಸ್ತೆ ಏರುತ್ತಿತ್ತು. ಈ ಚಪ್ಪಟೆ ದೇಶದಲ್ಲಿ ಏರು ಕಂಡರೇ ಒಂದು ಸಂಭ್ರಮ. "ಥೇಟ್ ಮಣಿಪಾಲದ ಹಾಗೆ ಉಂಟು!" ಎಂದಳು ಸಂಪ್ರೀತಾ. ಅವನು ನಕ್ಕು, ಏದುಸಿರು ಬಿಡುತ್ತಿದ್ದವಳ ಕೈ ಹಿಡಿದುಕೊಂಡ. ಸೇಬಿನ ಕೇಕಿನ ಮೇಲಿನ ಕೆನೆ ಅವಳ ಮೂಗಿಗೆ ಹತ್ತಿತು, ಅವನೇ ಒರೆಸಿದ. ಕಲ್ಲುಹಾಸಿನ ಹಳೆಯ ಬೀದಿಯ ಅಂಗಡಿಯಲ್ಲಿ ಚೀಸ್ ತುಂಡುಗಳನ್ನು ರುಚಿ ನೋಡಲು ಇಟ್ಟಿದ್ದರು. ಜೀರಿಗೆ ಹಾಕಿದ ಚೀಸ್ ಬಾಯಿಗಿಟ್ಟು ಇಬ್ಬರೂ ಮುಖ ಮುಖ ನೋಡಿಕೊಂಡರು. ಬೆಟ್ಟದ ಮೇಲಿನ ಹಳೇ ಕೋಟೆಯ ತೋಟದಲ್ಲಿ ಬೆಂಚಿನ ಮೇಲೆ ಕೂತಾಗ ಅವನು ತನ್ನ ಕಾಲೇಜಿನ ಕತೆ ಹೇಳಿದ. ಮೂರು ಗಂಟೆಯ ಕಾಲ ಸಂಪ್ರೀತಾ ಸುಖವಾಗಿದ್ದಳು. ಆಮೇಲೆ ನೆನೆದು ನಾಚಿಕೆಪಟ್ಟುಕೊಂಡಳು ನಿಜ, ಆದರೆ ಆ ಹೊತ್ತಿಗೆ ಸುಖವಾಗಿಯೇ ಇದ್ದಳು.

ಪ್ಯಾನ್‌ಕೇಕ್ ತಟ್ಟೆಯಂಚಿನ ತನಕ ಅಗಲವಾಗಿತ್ತು. ಅವಳದು ಸೇಬು ಹಾಕಿದ್ದು, ಅವನದು ಅಣಬೆ ಹಾಕಿದ್ದು. ಅವನು ತನ್ನದರಿಂದ ಒಂದು ತುಂಡು ಕತ್ತರಿಸಿ ಅವಳ ಬಾಯಿಗಿಟ್ಟ. ಅವಳು ಅಗಿದು ನುಂಗುವುದರೊಳಗೆ ತಟ್ಟೆ ಸರಿಸಿ, ಚೀಲದಿಂದ ಆ ಪತ್ರವನ್ನೂ ಪೆನ್ನನ್ನೂ ತೆಗೆದಿಟ್ಟ.

"ಇಲ್ಲೊಂದು ಸೈನ್ ಹಾಕು. ಮತ್ತೆ ಎರಡು ದಿನ ಆರಾಮಾಗಿ ಇರುವ."

"ಇದಕ್ಕಾ ಕರ್ಕೊಂಡು ಬಂದದ್ದು?"

"ಇದಕ್ಕೂ."

"ನಾನು ಹಾಕುದಿಲ್ಲ."

ಬಡಿಸುವ ಹುಡುಗಿ ಬಂದು ಊಟ ಹೇಗಿತ್ತು ಎಂದು ಕೇಳಿದಳು. ಬಹಳ ಚೆನ್ನಾಗಿತ್ತು ಎಂದು ಸುಶಾಂತ್ ಡಚ್ಚಿನಲ್ಲಿ ಹೇಳಿ ಬಾಯಿ ತುಂಬ ನಕ್ಕ. ಮೇಜಿನ ಕೆಳಗೆ ಅವನ ಬೂಟಿನ ಹಿಮ್ಮಡಿ ಅವಳ ಕಾಲ್ಬೆರಳುಗಳ ಮೇಲೆ ಅರೆಯುತ್ತಿತ್ತು.

ಹೋಟೆಲಿನ ರೂಮು ಎರಡು ಗಂಟೆಗೆ ಸಿಕ್ಕಿತು. ಒಳಗೆ ಹೋದವನೇ ಅವನು ಬಚ್ಚಲಿನ ಶವರನ್ನು ಪೂರ್ತಿ ತಿರುಗಿಸಿ ಬಿಟ್ಟ. ನೀರಿನ ಸದ್ದು ಕೇಳಿ ಸಂಪ್ರೀತಾ ಬಾಗಿಲ ಕಡೆ ಓಡಿದಳು. ಅವನು ಕೂದಲು ಹಿಡಿದು ಹಿಂದಕ್ಕೆಳೆದು, ಮೇಜಿನ ಮೇಲೆ ಅವಳ ಮುಖ ಒತ್ತಿದ. ಬಲಗೈಗೆ ಪೆನ್ನು ತುರುಕಿದ. ಅವಳು ಪೆನ್ನನ್ನು ಗೋಡೆಗೆಸೆದಳು. ಆಗ ಅದೇ ಕೈಯನ್ನು ಹಿಡಿದು ಬೆನ್ನ ಹಿಂದಕ್ಕೆ ತಿರುಚಿದ, ತಿರುಚುತ್ತಲೇ ಹೋದ. ಮಣಿಕಟ್ಟಿನಲ್ಲಿ ಎಳೆ ಬೆಂಡೆಕಾಯಿಯ ತುದಿ ಮುರಿದಂಥ ಸದ್ದಾಯಿತು.

ಅವಳು ನೆಲದ ಮೇಲೆ ಬಿದ್ದು ಹೊರಳಿದಳು. ಅವನು ಜೋತುಬಿದ್ದ ಕೈಯನ್ನು ಸ್ವಲ್ಪ ಹೊತ್ತು ನೋಡಿದ. ಮೊದಲು ಅವನ ಬಾಯಿಂದ ಬಂದದ್ದು ಒಂದೇ ಮಾತು: "ಈಗ ಸೈನ್ ಹೇಗೆ ಹಾಕ್ತೀ?"

ಮೂರ್ಖ, ತನಗೆ ಬೇಕಾದ ಕೈಯನ್ನೇ ಮುರಿದುಕೊಂಡಿದ್ದ.

ನಾಲ್ಕು ಗಂಟೆಗೆ ಪಟ್ಟಿಯಲ್ಲಿ ಸೇತುವೆಯಿತ್ತು. ಫೋಟೋ ಇಲ್ಲದಿದ್ದರೆ ಗುಂಪಿನವರು ಕೇಳುತ್ತಾರೆ. ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಸಿ, ಉಳುಕಿದೆ ಅಷ್ಟೆ ಎಂದು ಅವಳಿಗೂ ತನಗೂ ಹೇಳಿಕೊಂಡು, ಅವಳನ್ನು ನದಿಯ ದಂಡೆಗೆ ನಡೆಸಿದ. ಕಾಗದದ ಪೊಟ್ಟಣದಲ್ಲಿ ಆಲೂಗಡ್ಡೆ ಫ್ರೈಸ್, ಮೇಲೆ ದಪ್ಪಗೆ ಮೇಯೊನೀಸ್. ಬಲಗೈಯನ್ನು ಕೋಟಿನ ಜೇಬಿನಲ್ಲಿಟ್ಟು, ಪೊಟ್ಟಣವನ್ನು ಎದೆಗೂ ದಂಡೆಯ ಕಟ್ಟೆಗೂ ನಡುವೆ ಒತ್ತಿ ಹಿಡಿದು, ಅವಳು ಒಂದು ತುಂಡು ಬಾಯಿಗಿಟ್ಟಳು. "ನಗು," ಎಂದ. ನಕ್ಕಳು. ಫೋಟೋ ಹೋಯಿತು. ಮುಂಬಯಿಯ ಚಿಕ್ಕಮ್ಮ 'ಜೋಡಿ ಚಂದ ಉಂಟು' ಎಂದು ಹೃದಯದ ಚಿತ್ರ ಹಾಕಿದರು.

ಭಾನುವಾರ ದೋಣಿಯ ಸವಾರಿ. ಮೊದಲೇ ಟಿಕೆಟ್ ತೆಗೆದಿದ್ದನಲ್ಲ, ಬಿಡುವುದುಂಟೆ! ಶಾಲು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಒಂದು ಗಂಟೆ ನದಿಯ ಮೇಲೆ ಕೂತಳು. ದೋಣಿ ಅಲುಗಿದಾಗಲೆಲ್ಲ ಬಾಯಿಗೆ ಪಿತ್ತ ಬರುತ್ತಿತ್ತು. ಎದುರಿಗೆ ಕೂತಿದ್ದ ಬಿಳಿಕೂದಲ ಹೆಂಗಸು ಪೆಪ್ಪರ್‌ಮಿಂಟ್ ಚಾಚಿ, ನೋಯುತ್ತಿದೆಯೇ ಎಂದು ಕೇಳಿದಳು. "ಮೆಟ್ಟಿಲಲ್ಲಿ ಜಾರಿದಳು," ಎಂದು ಸುಶಾಂತ್ ಉತ್ತರಿಸಿದ. ಆ ಹೆಂಗಸು ಅವನನ್ನು ನೋಡಲೇ ಇಲ್ಲ, ಇಡೀ ದಾರಿ ಸಂಪ್ರೀತಾಳನ್ನೇ ನೋಡುತ್ತಿದ್ದಳು.

ಸಂಜೆ ಮನೆ ಮುಟ್ಟಿದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಮಗ ಬಚ್ಚಲಿಗೆ ಹೋದದ್ದೇ ಸೊಸೆಯನ್ನು ಅಡುಗೆಮನೆಗೆ ಕರೆದರು.

"ಎಡಗೈಯಲ್ಲಿ ಯಾಕೆ ತಿಂದದ್ದು?"

"ಎಂತ ಅತ್ತೆ?"

"ಫೋಟೋದಲ್ಲಿ. ಎಡಗೈಯಲ್ಲಿ ಎತ್ತಿ ಬಾಯಿಗೆ ಹಾಕಿದ್ದಿ. ನಲವತ್ತು ಜನ ನೋಡಿದ್ರು, ಯಾರಿಗೂ ಗೊತ್ತಾಗ್ಲಿಲ್ಲ. ತೋರಿಸು."

ಶಾಲು ಬಿಚ್ಚಿದರು. ಕೈ ಬಾತು ನೇರಳೆ ಬಣ್ಣಕ್ಕೆ ತಿರುಗಿತ್ತು. ಅತ್ತೆ ಒಂದು ಬೆರಳಿನಿಂದ ಮುಟ್ಟಿದರು, ಸಂಪ್ರೀತಾ ಚೀರಿದಳು.

"ಇದು ಉಳುಕಲ್ಲ. ನಾನೂ ಹೀಗೇ ಮೂರು ತಿಂಗಳು ಎಡಗೈಯಲ್ಲಿ ಉಂಡವಳು. ಸುಶಾಂತ್ ಆಗ ಹೊಟ್ಟೆಯಲ್ಲಿದ್ದ. ಬಾವಿಕಟ್ಟೆಯಲ್ಲಿ ಬಿದ್ದೆ ಅಂತ ಹೇಳಿದ್ದೆ." ಶಾಲನ್ನು ಮತ್ತೆ ಸುತ್ತಿದರು. "ನಿಮ್ಮನ್ನು ಅಲ್ಲಿಗೆ ಕಳಿಸಿದ್ದು ನಾನೇ. ಬಡಿದ್ರೆ ಸೈನ್ ಹಾಕುದಿಲ್ಲ, ಚಂದ ಮಾಡಿ ಮಾತಾಡಿ ಹಾಕಿಸ್ಕೋ ಅಂತ ಅವನಿಗೆ ಹೇಳಿಕೊಟ್ಟದ್ದೂ ನಾನೇ."

ಸಂಪ್ರೀತಾಳಿಗೆ ಆ ಕ್ಷಣ ಗಂಡನಿಗಿಂತ ಈ ಮುದುಕಿಯ ಮೇಲೆ ಹೆಚ್ಚು ಹೇಸಿಗೆ ಹುಟ್ಟಿತು.

ಮರುದಿನ ಆಸ್ಪತ್ರೆಯಲ್ಲಿ ಬೆರಳ ಬುಡದಿಂದ ಮೊಣಕೈ ತನಕ ಪ್ಲಾಸ್ಟರ್ ಹಾಕಿದರು, ಆರು ವಾರಕ್ಕೆ. ಹೇಗಾಯಿತು ಎಂದು ಡಾಕ್ಟರು ಕೇಳಿದರು. ಸುಶಾಂತ್ ಪಕ್ಕದಲ್ಲೇ ಕೂತಿದ್ದ. "ಸೈಕಲಿನಿಂದ ಬಿದ್ದೆ," ಎಂದಳು. ಈ ದೇಶದಲ್ಲಿ ಯಾವ ಮೂಳೆ ಮುರಿದರೂ ಸೈಕಲಿನ ಮೇಲೆ ಹಾಕಬಹುದು, ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ.

ಮುಂದಿನ ಎರಡು ವಾರ ಮನೆಗೆಲಸವೆಲ್ಲ ಅತ್ತೆಯ ತಲೆಗೆ ಬಂತು. ಅವರು ಅನ್ನ ಬೇಯಿಸಿದರು, ನಿಹಾಳನ್ನು ಮೀಯಿಸಿದರು, ಸೊಸೆಯ ತಲೆ ಬಾಚಿ ಜಡೆ ಹಾಕಿದರು. ಜಡೆ ಹಾಕುವಾಗ ಕೂದಲು ಕಿತ್ತುಹೋದ ಜಾಗಗಳನ್ನು ಬಳಸಿಕೊಂಡು ಬಾಚುತ್ತಿದ್ದರು. ಇಷ್ಟೆಲ್ಲ ಮಾಡಿಯೂ ದಿನಕ್ಕೆರಡು ಫ್ರಾಕ್ ಮಡಚಿ ಮೊಮ್ಮಗಳ ಸೂಟ್‌ಕೇಸ್ ತುಂಬಿಸುವುದನ್ನು ನಿಲ್ಲಿಸಲಿಲ್ಲ.

"ಎಲ್ಲ ಗೊತ್ತಿದ್ದೂ ಕರ್ಕೊಂಡು ಹೋಗ್ತೀರಾ?" ಸಂಪ್ರೀತಾ ಕೇಳಿದಳು.

"ಗೊತ್ತಿದ್ದೇ ಕರ್ಕೊಂಡು ಹೋಗುದು. ಇಲ್ಲಿದ್ರೆ ಅವಳೂ ಇದನ್ನೇ ನೋಡಿ ಬೆಳೀತಾಳೆ. ಸುಶಾಂತ್ ನೋಡಿದ ಹಾಗೆ."

"ಹಾಗಾದ್ರೆ ಮಗನಿಗೆ ಹೇಳಿ. ಮಗುವನ್ನು ಯಾಕೆ ಓಡಿಸ್ತೀರಿ?"

ಅತ್ತೆ ಫ್ರಾಕಿನ ಗುಂಡಿ ಹಾಕಿದರು. "ಅವನ ಅಪ್ಪನಿಗೂ ಹೇಳ್ಲಿಕ್ಕೆ ಆಗ್ಲಿಲ್ಲ ನನಗೆ."

ಸೂಟ್‌ಕೇಸಿನ ಪಕ್ಕದಲ್ಲಿ ಕೂತಿದ್ದ ನಿಹಾ ಒಂದೊಂದೇ ಫ್ರಾಕನ್ನು ಹೊರಗೆ ತೆಗೆದು ತನ್ನ ಕಪಾಟಿಗೆ ಹಾಕುತ್ತಿದ್ದಳು. ಅಜ್ಜಿ ಮತ್ತೆ ತುಂಬಿಸುತ್ತಿದ್ದರು. ಇದು ಎರಡು ವಾರ ನಡೆಯಿತು.

ಜೂನ್ ಮೂರರ ಬೆಳಿಗ್ಗೆ ತಿಂಡಿಗೆ ಇಡ್ಲಿ. ಸುಶಾಂತ್ ಒಪ್ಪಿಗೆ ಪತ್ರವನ್ನು ಅಮ್ಮನ ಕೈಗೆ ಕೊಟ್ಟ. ಅದರಲ್ಲಿ ಸಂಪ್ರೀತಾಳ ರುಜು ಇತ್ತು, ಅವಳಿಗಿಂತ ಚಂದವಾಗಿ ಅವನೇ ಹಾಕಿದ್ದ.

ಸಂಪ್ರೀತಾ ಏಳುವಾಗ ಕುರ್ಚಿ ಹಿಂದಕ್ಕೆ ಬಿತ್ತು. ಸರಿಯಿದ್ದ ಕೈಯಲ್ಲಿ ಮಗುವನ್ನು ಸೊಂಟಕ್ಕೆ ಎತ್ತಿಕೊಂಡು ಮಹಡಿ ಮೆಟ್ಟಿಲು ಹತ್ತಿ ಬಚ್ಚಲಿಗೆ ನುಗ್ಗಿ ಚಿಲಕ ಹಾಕಿದಳು. ಮಗುವನ್ನು ಸ್ನಾನದ ತೊಟ್ಟಿಯೊಳಗೆ ಕೂರಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಫೋನ್ ತೆಗೆದಳು. ಒಂದು, ಒಂದು, ಎರಡು. ಏಳು ವರ್ಷ ಒತ್ತಲಾಗದ ಮೂರು ಅಂಕೆಗಳು.

"ಪೊಲೀಸ್," ಎಂದಳು. "ನನ್ನ ಗಂಡ ಬಾಗಿಲು ಬಡಿಯುತ್ತಿದ್ದಾನೆ. ಮಗು ಇದೆ ನನ್ನ ಜೊತೆ." ವಿಳಾಸ ಹೇಳುತ್ತಿದ್ದಂತೆ ಮೊದಲ ಒದೆತ ಬಿತ್ತು.

ಎರಡನೇ ಒದೆತಕ್ಕೆ ಬಾಗಿಲ ಹಲಗೆ ಬಿರಿಯಿತು. ನಾಲ್ಕನೆಯದಕ್ಕೆ ಚಿಲಕ ಕಿತ್ತು ಬಂದು ಬಾಗಿಲು ಅವಳ ಬೆನ್ನಿಗೆ ಬಡಿಯಿತು. ಅವನು ಅವಳನ್ನು ಸಿಂಕಿಗೆ ತಳ್ಳಿದ. ಹಣೆ ನಲ್ಲಿಗೆ ತಗಲಿ ರಕ್ತ ಕಣ್ಣಿಗಿಳಿಯಿತು. ಅವಳು ಪ್ಲಾಸ್ಟರಿನ ಕೈಯನ್ನೇ ಎತ್ತಿ ಬಲವಿದ್ದಷ್ಟೂ ಅವನ ಮುಖಕ್ಕೆ ಬಾರಿಸಿದಳು. ಅವನ ಮೂಗು ಒಡೆಯಿತು. ಅವಳ ನೋವು ತಲೆಯ ತನಕ ಏರಿತು. ಆದರೂ ಆ ಏಟಿನ ಸುಖವನ್ನು ಅವಳು ಯಾರಿಂದಲೂ ಮುಚ್ಚಿಡಲಾರಳು.

"ಮಗುವನ್ನು ಮುಟ್ಟಿದ್ರೆ ಕೊಂದುಹಾಕ್ತೇನೆ ನಿನ್ನನ್ನು!"

ಅವನು ತೊಟ್ಟಿಯಲ್ಲಿ ಕಿರುಚುತ್ತಿದ್ದ ನಿಹಾಳ ತೋಳು ಹಿಡಿದೆಳೆದ. ಅಷ್ಟರಲ್ಲಿ ಅತ್ತೆ ಬಂದು ಅವನ ಅಂಗಿಯನ್ನು ಹಿಂದಿನಿಂದ ಹಿಡಿದರು. "ಬಿಡು ಮಗಾ, ತೋಳು ಕಳಚ್ತದೆ, ಬಿಡು!" ಅವನು ತಿರುಗಿ ನೋಡದೆ ಕೈ ಬೀಸಿದ. ಅತ್ತೆಯ ಕೆಳದುಟಿ ಸೀಳಿತು. ಅವರು ಬಾಗಿಲ ಚೌಕಟ್ಟಿಗೆ ಬಡಿದು ಕುಸಿದು ಕೂತರು. ಕೂತಲ್ಲಿಂದಲೇ ಎರಡೂ ಕೈಯಿಂದ ಮಗನ ಕಾಲು ತಬ್ಬಿ ಹಿಡಿದರು. ಅವನು ಒದ್ದ. ಪೊಲೀಸರು ಮೆಟ್ಟಿಲು ಹತ್ತಿ ಬರುವ ತನಕ ಅವರು ಆ ಕಾಲನ್ನು ಬಿಡಲಿಲ್ಲ.

ಬಂದವರು ಇಬ್ಬರು, ಒಬ್ಬಳು ಹೆಂಗಸು, ಒಬ್ಬ ಗಂಡಸು. ಸುಶಾಂತ್ ಮೂಗಿಗೆ ಟವೆಲ್ ಹಿಡಿದು, ಆಫೀಸಿನ ದನಿಯಲ್ಲಿ ವಿವರಿಸತೊಡಗಿದ. ಅಮ್ಮನಿಗೆ ಪ್ರಯಾಣದ ಗಾಬರಿ. ಹೆಂಡತಿಗೆ ಮನಸ್ಸು ಸರಿಯಿಲ್ಲ, ನೋಡಿ ನನ್ನ ಮೂಗು. ಕೈ ಮುರಿದದ್ದು ಸೈಕಲಿನಿಂದ, ಆಸ್ಪತ್ರೆಯ ದಾಖಲೆ ಇದೆ. ಅಷ್ಟು ನಯವಾಗಿ ಹೇಳಿದನೆಂದರೆ ಆ ಗಂಡಸು ಪೊಲೀಸ್ ತಲೆಯಾಡಿಸಿದ. ಆಸ್ಪತ್ರೆಯಲ್ಲಿ ಸೈಕಲ್ ಎಂದು ಹೇಳಿದವಳು ಸಂಪ್ರೀತಾಳೇ.

ಹೆಂಗಸು ಪೊಲೀಸ್ ನೆಲದಲ್ಲಿದ್ದ ಅತ್ತೆಯ ಮುಂದೆ ಮಂಡಿಯೂರಿ ಕೂತಳು. ಫೋನಿನಲ್ಲಿ ಕನ್ನಡ ಬಲ್ಲ ದುಭಾಷಿಯನ್ನು ಹುಡುಕಿ ಸ್ಪೀಕರ್ ಹಾಕಿದಳು.

"ಅಮ್ಮ, ಇಲ್ಲಿ ಏನಾಯ್ತು ಅಂತ ಕೇಳ್ತಿದ್ದಾರೆ," ಎಂದಿತು ಫೋನಿನ ಹೆಣ್ಣುದನಿ. "ಹೆದರಬೇಡಿ, ಹೇಳಿ."

"ಅಮ್ಮ," ಎಂದ ಸುಶಾಂತ್. ಅಷ್ಟೇ ಅಂದದ್ದು.

ಅತ್ತೆ ಮಗನ ಮುಖ ನೋಡಿದರು. ಸಂಪ್ರೀತಾ ಆಸೆ ಬಿಟ್ಟಳು.

"ಇವನು ನನ್ನ ಮಗ," ಎಂದರು ಅತ್ತೆ, ಒಡೆದ ತುಟಿಯಲ್ಲಿ ನಿಧಾನವಾಗಿ. "ಇವಳ ಕೈ ಮುರಿದದ್ದು ಇವನು. ಸೈಕಲ್ ಅಲ್ಲ. ನೈಮೆಗನ್ನಿಗೆ ಕರ್ಕೊಂಡು ಹೋಗಿ ಮುರಿದ. ಈ ಕಾಗದದ ಸೈನ್ ಕೂಡ ಇವನದ್ದೇ, ಅವಳದ್ದಲ್ಲ. ನಾನು ಬಂದ ನಾಲ್ಕನೇ ದಿನದಿಂದ ನೋಡ್ತಾ ಇದ್ದೇನೆ. ಸುಮ್ಮನಿದ್ದೆ. ಅದನ್ನೂ ಬರ್ಕೊಳ್ಳಿಕ್ಕೆ ಹೇಳಮ್ಮ."

ಮಧ್ಯಾಹ್ನದ ಹೊತ್ತಿಗೆ ತೀರ್ಮಾನವಾಯಿತು. ಹತ್ತು ದಿನ ಅವನು ಈ ಮನೆಗೆ ಕಾಲಿಡುವಂತಿಲ್ಲ, ಹೆಂಡತಿ ಮಗುವಿನ ಹತ್ತಿರ ಸುಳಿಯುವಂತಿಲ್ಲ, ಕೀಲಿಕೈ ಕೊಟ್ಟು ಹೋಗಬೇಕು. ಮುಂದಿನದು ವಿಚಾರಣೆಯಾದ ಮೇಲೆ. ಅವನನ್ನು ಕರೆದೊಯ್ಯುವಾಗ ಅತ್ತೆ ಓಡಿಹೋಗಿ ಅವನ ಜಾಕೆಟ್ ತಂದುಕೊಟ್ಟರು. ಅವನು ಅದನ್ನು ಅವರ ಕಾಲ ಬಳಿ ಎಸೆದು ಕಾರು ಹತ್ತಿದ. ಅವರು ಅದನ್ನು ಹೆಕ್ಕಿ, ಧೂಳು ಕೊಡವಿ, ಪೊಲೀಸಿನವನ ಕೈಗೆ ಕೊಟ್ಟರು.

ಹಣೆಗೆ ಪಟ್ಟಿ ಹಾಕಿಸಿಕೊಂಡು ಸಂಪ್ರೀತಾ ಮೇಜಿಗೆ ಬಂದಾಗ ಅತ್ತೆ ತಣ್ಣಗಾದ ಇಡ್ಲಿಯನ್ನೇ ಬಿಸಿ ಮಾಡಿ ಮೊಮ್ಮಗಳಿಗೆ ತಿನ್ನಿಸುತ್ತಿದ್ದರು. ನಿಹಾಳ ಫ್ರಾಕುಗಳೆಲ್ಲ ಕುರ್ಚಿಯ ಮೇಲೆ ರಾಶಿ ಬಿದ್ದಿದ್ದವು. ಅತ್ತೆಯ ಪೆಟ್ಟಿಗೆ ಮಾತ್ರ ಬಾಗಿಲ ಬಳಿ ನಿಂತಿತ್ತು.

"ನೀವು ಹೋಗ್ತೀರಾ?"

"ಐದು ಗಂಟೆಗೆ ಟ್ಯಾಕ್ಸಿ ಬರ್ತದೆ. ಏರ್‌ಪೋರ್ಟಿನಲ್ಲಿ ವೀಲ್‌ಚೇರಿನವರು ಕಾಯ್ತಾರೆ, ತೊಂದ್ರೆ ಇಲ್ಲ."

"ಬೇಡ ಅತ್ತೆ. ವೀಸಾ ಇನ್ನೂ ಒಂದು ವಾರ ಉಂಟಲ್ಲ." ಬೆಳಿಗ್ಗೆ ತನಕ ಯಾರನ್ನು ಕಂಡರೆ ಹೇಸುತ್ತಿದ್ದಳೋ ಅವರನ್ನೇ ಈಗ ಅಂಗಲಾಚುತ್ತಿದ್ದಳು. "ನನಗೆ ಒಂದು ಕೈ ಇಲ್ಲ. ಮಗುವನ್ನು ಇಟ್ಕೊಂಡು ಒಬ್ಬಳೇ ಹೇಗೆ ಇರ್ಲಿ? ಈ ವಾರ ಒಂದು ಇರಿ."

ಅತ್ತೆ ಕೈ ತೊಳೆದುಕೊಂಡರು. ಸೆರಗಿನಿಂದ ಒರೆಸಿಕೊಂಡು ಅವಳೆದುರು ಕೂತರು.

"ನೋಡು ಮಾರಾಯ್ತಿ, ಬೆಳಿಗ್ಗೆ ನನಗೆ ಧೈರ್ಯ ಇತ್ತು. ನಾಳೆಗೆ ಇರ್ತದಾ ಗೊತ್ತಿಲ್ಲ. ಪೊಲೀಸರು ಎಂತ ಹೇಳಿದ್ರೂ ಅವನು ಬರ್ತಾನೆ. ಹೊರಗೆ ನಿಂತು ಅಮ್ಮಾ ಅಂತ ಕರೀತಾನೆ. ಹಸಿವಾಗ್ತದೆ ಅಂತಾನೆ. ನಾನು ಬಾಗಿಲು ತೆಗೀತೇನೆ. ನನಗೆ ನನ್ನ ವಿಷಯ ಗೊತ್ತುಂಟು. ತೆಗೀತೇನೆ."

ಅತ್ತೆ ಸುಳ್ಳು ಹೇಳುತ್ತಿರಲಿಲ್ಲ.

ಐದಕ್ಕೆ ಟ್ಯಾಕ್ಸಿ ಬಂತು. ಅತ್ತೆ ಮೊಮ್ಮಗಳ ಎರಡೂ ಕೆನ್ನೆ ಹಿಡಿದು ಮುತ್ತಿಟ್ಟರು. ಒಡೆದ ತುಟಿ ನೋಯಿತೇನೋ, ಮುಖ ಕಿವುಚಿದರು. ಹೊಸ್ತಿಲು ದಾಟಿ ತಿರುಗಿ ನಿಂತು, "ಹಾಕು," ಎಂದರು.

ಸಂಪ್ರೀತಾ ಬಾಗಿಲು ಮುಚ್ಚಿದಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿದ ಮೇಲೆಯೇ ಅತ್ತೆ ಮೆಟ್ಟಿಲಿಳಿದು ಟ್ಯಾಕ್ಸಿ ಹತ್ತಿದರು.